ಎರಡು ಕಡಲಿನ ಊರು

ಸೇತುವೆ ಬಂತು, ಟೈರಿನ ಸದ್ದು ಬದಲಾದದ್ದರಿಂದಲೇ ಗೊತ್ತಾಯಿತು, ಕಿಟಕಿಯ ಕಡೆ ನೋಡಬಾರದು, ಮುಂದಿನ ಸೀಟಿನವಳ ಜಡೆ ನೋಡು, ಜಡೆಯ ಸೇವಂತಿಗೆ ನೋಡು, ಸೇವಂತಿಗೆಯೊಳಗೆ ಒಂದು ಇರುವೆ ಸುತ್ತುತ್ತಿದೆ, ಪಾಪ, ತಾನು ಭದ್ರಾವತಿಗೆ ಹೊರಟಿದ್ದೇನೆಂದು ಅದಕ್ಕೇನು ಗೊತ್ತು — ಕೆಳಗೆ ತುಂಗೆ ತುಂಬಿದ್ದಾಳೆ, ನೋಡದಿದ್ದರೂ ವಾಸನೆ ಬರುತ್ತದೆ, ಕೆಮ್ಮಣ್ಣಿನ ವಾಸನೆ, ಸಿಹಿನೀರಿನ ವಾಸನೆ, ಇದು ಆ ನೀರಲ್ಲ, ಆ ನೀರು ಬೇರೆ, ಚಿಕ್ಕವಳಿದ್ದಾಗ ಸೇತುವೆ ಬಂತೆಂದರೆ ಅವ್ವ ಸೆರಗಿನಿಂದ ನನ್ನ ಮುಖ ಮುಚ್ಚುತ್ತಿದ್ದಳು, ಆಯ್ತು ಆಯ್ತು, ಹೋಯ್ತು ನೋಡು, ಮದುವೆಯಾದ ಮೇಲೂ ಒಮ್ಮೆ ಮುಚ್ಚಿದ್ದಳು, ಇವರು ಪಕ್ಕದಲ್ಲೇ ಕೂತು ನಕ್ಕಿದ್ದರು, ಏನ್ ಅತ್ತೆ, ನಿಮ್ಮ ಮಗಳೇನು ಕುರಿಮರಿನಾ. ವಿದ್ಯಾನಗರ ಬಂತು, ಸದ್ದು ಮತ್ತೆ ನೆಲದ ಸದ್ದಾಯಿತು, ಉಸಿರು ಬಿಟ್ಟೆ. ಆಧಾರ್ ತೋರ್ಸಿ ಅಮ್ಮ, ಕಂಡಕ್ಟರ್ ಹುಡುಗಿ, ಕಾರ್ಡು ಕೊಟ್ಟೆ, ನೋಡಿ ವಾಪಸು ಕೊಟ್ಟಳು, ಬಿಟ್ಟಿ ಟಿಕೆಟ್ಟು ಹರಿದಳು. ಜಗದಾಂಬಾ, ಹುಟ್ಟಿದ್ದು ಜನವರಿ ಒಂದು. ಹುಟ್ಟಿದ ದಿನ ಗೊತ್ತಿಲ್ಲದವರೆಲ್ಲ ಜನವರಿ ಒಂದಕ್ಕೇ ಹುಟ್ಟುತ್ತಾರೆ, ನಮ್ಮ ಬೀದಿಯಲ್ಲೇ ನಾಲ್ಕಾರು ಮುದುಕಿಯರಿದ್ದಾರೆ ಆ ದಿನ ಹುಟ್ಟಿದವರು, ಆದರೆ ಅವರಿಗೆ ಹುಟ್ಟಿದ ಮನೆ ಗೊತ್ತು, ಹೆತ್ತವಳ ಹೆಸರು ಗೊತ್ತು, ಬಾಣಂತನ ಮಾಡಿದವಳ ಹೆಸರೂ ಗೊತ್ತು. ಇವತ್ತು ಎಲ್ಲಿಗೆ ಹೊರಟೆ ಎಂದರು ಇವರು, ಪೇಪರಿನಿಂದ ತಲೆ ಎತ್ತದೆ. ಭದ್ರಾವತಿಗೆ ಎಂದೆ. ಯಾರ ಮನೆಗೆ ಎಂದು ಕೇಳಲಿಲ್ಲ, ಕೇಳಿದ್ದರೆ ಏನೆನ್ನುತ್ತಿದ್ದೆನೋ.

ತೌಡು ಕೊಟ್ಟು ತಂದದ್ದು ನಿನ್ನ, ಎಂದು ಎಲ್ಲ ಮಕ್ಕಳಿಗೂ ಹೇಳಿ ಅಳಿಸುತ್ತಾರೆ, ನಮ್ಮ ಮನೆಯಲ್ಲಿ ಮಾತ್ರ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ, ಒಮ್ಮೆ ಪಕ್ಕದ ಮನೆಯವಳು ಆಡಿದ್ದಕ್ಕೆ ಅವ್ವ ಅವರ ಮನೆಗೆ ಹೋಗುವುದನ್ನೇ ಬಿಟ್ಟಳು. ಅವ್ವ ಎಂದರೆ ಜಲಜಮ್ಮ, ಅಪ್ಪ ಶಿವಮೂರ್ತಪ್ಪ, ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ, ಮಕ್ಕಳಿಲ್ಲ, ರಾಮೇಶ್ವರಕ್ಕೆ ಹರಕೆ ಹೊತ್ತು ಹೋದರು, ಅವರು ಹೋಗಿದ್ದ ಡಿಸೆಂಬರಿನಲ್ಲೇ ಅದು ಬಂತು, ಅರವತ್ನಾಲ್ಕರ ಬಿರುಗಾಳಿ, ಗುಡಿಯ ಪ್ರಾಕಾರದೊಳಗೆ ಜನ ಕುರಿಗಳ ಹಾಗೆ ತುಂಬಿದರಂತೆ, ನೀರು ಗುಡಿಯ ಹತ್ತಿರದವರೆಗೂ ಬಂದು ನಿಂತಿತಂತೆ, ಪಾಂಬನ್ ಸೇತುವೆ ಕಿತ್ತುಹೋಗಿ ಹಿಂದಕ್ಕೆ ಬರಲು ದಾರಿಯಿಲ್ಲ, ಆಮೇಲೆ ದ್ವೀಪದ ಆ ತುದಿಯ ಧನುಷ್ಕೋಡಿಯಿಂದ ಒಬ್ಬೊಬ್ಬರನ್ನೇ ತಂದು ಕಂಬಗಳ ನಡುವೆ ಮಲಗಿಸಿದರಂತೆ, ಅವರಲ್ಲಿ ನಾನೊಬ್ಬಳು, ಯಾರದೋ ಗಂಡಸಿನ ಅಂಗಿ ತೊಟ್ಟುಕೊಂಡು, ಮಾತಿಲ್ಲ ಅಳುವಿಲ್ಲ. ಅಪ್ಪ ಇದನ್ನು ಹೇಳುವಾಗೆಲ್ಲ ಅಂಗಿಯ ತೋಳು ಎಷ್ಟುದ್ದ ಇತ್ತು ಎಂದು ಕೈ ಮಾಡಿ ತೋರಿಸುತ್ತಿದ್ದರು, ಬಟ್ಟೆ ವ್ಯಾಪಾರಿಯಲ್ಲವೇ. ನಿಮ್ಮವ್ವನ ಸೆರಗು ಹಿಡ್ಕಂಡೆ ಕಣವ್ವ, ಬಿಡಲೇ ಇಲ್ಲ ನೀನು, ಬಿಡ್ಸಕ್ಕೆ ಹೋದ್ರೆ ಕಚ್ಚಿದೆ. ಯಾರೂ ಕೇಳಿಕೊಂಡು ಬರಲಿಲ್ಲ. ವಿಳಾಸ ಕೊಟ್ಟು ಕರ್ಕೊಂಡು ಹೋಗಿ, ಯಾರಾದ್ರೂ ಬಂದ್ರೆ ತಿಳಿಸ್ತೀವಿ ಎಂದರಂತೆ ಅಲ್ಲಿಯ ಅಧಿಕಾರಿ. ಅಪ್ಪ ವಿಳಾಸ ಕೊಟ್ಟರು. ಅದಕ್ಕೇ ಅವ್ವನಿಗೆ ಕೊನೆಯವರೆಗೂ ಅಂಚೆಯವನನ್ನು ಕಂಡರೆ ಆಗುತ್ತಿರಲಿಲ್ಲ, ಸೈಕಲ್ ಬೆಲ್ಲು ಕೇಳಿದರೆ ನನ್ನನ್ನು ಹಿತ್ತಿಲಿಗೆ ಕಳಿಸುತ್ತಿದ್ದಳು. ಅಜ್ಜಿ ಮಾತ್ರ ಬಾಗಿಲಲ್ಲೇ ತಡೆದಳಂತೆ, ಯಾವ ಜಾತಿಯದೋ ಏನೋ, ಮೀನ್ ತಿನ್ನೋರ ಕೂಸು ಇದ್ರೆ ಏನ್ ಮಾಡ್ತೀಯ. ಮಠದಿಂದ ಬಂದ ಅಯ್ಯನವರು ನಕ್ಕು, ರಾಮೇಶ್ವರದಿಂದ ಬಂದಿದ್ದೂ ಲಿಂಗವೇ ಅಲ್ವೇನವ್ವ ಎಂದು ನನ್ನ ಕೊರಳಿಗೆ ಲಿಂಗ ಕಟ್ಟಿದರಂತೆ. ಆ ಅಯ್ಯನವರ ಮುಖವೂ ನೆನಪಿಲ್ಲ. ಯಾರ ಮುಖವೂ ಇಲ್ಲ.

ನಿದಿಗೆ ದಾಟಿತೇನೋ, ಮಾಚೇನಹಳ್ಳಿ ಬಂತೇನೋ, ಫ್ಯಾಕ್ಟರಿಗೆ ಹೋಗುವ ಹುಡುಗಿಯರು ಇಳಿದರು, ಸೇವಂತಿಗೆಯವಳೂ ಇಳಿದಳು, ಇರುವೆ ಅವಳ ಜೊತೆಗೇ ಹೋಯಿತು. ಆ ಊರಿನದು ಎಂದು ನನ್ನ ಹತ್ತಿರ ಉಳಿದಿರುವುದು ಒಂದು ಕೈ. ಕೈ ಮಾತ್ರ. ಮೊಣಕೈಯ ಕೆಳಗೆ ಹಸಿರು ಹಚ್ಚೆ, ಚೇಳೋ ಮೀನೋ ತಿಳಿಯದು, ಆ ಕೈ ನನ್ನ ತಲೆಗೆ ನೀರು ಹೊಯ್ಯುತ್ತದೆ, ಏನೋ ಹೇಳುತ್ತದೆ, ಕಣ್ಣು ಮುಚ್ಚು ಅಂತಲೇ ಇರಬೇಕು, ನಾನು ಕಣ್ಣು ಮುಚ್ಚುತ್ತೇನೆ, ಅಷ್ಟೇ, ಅಲ್ಲಿಗೆ ನಿಲ್ಲುತ್ತದೆ, ಎಷ್ಟು ಸಲ ನೆನೆದರೂ ಅಷ್ಟೇ. ಭಾಷೆ ಹೋಯಿತು, ಒಂದೇ ಮಳೆಗಾಲದಲ್ಲಿ ಹೋಯಿತಂತೆ, ಕನ್ನಡ ಬಂದ ಹಾಗೆಲ್ಲ ಅದು ಹೋಯಿತು. ಇನ್ನೊಂದಿದೆ, ಅದನ್ನು ಯಾರಿಗೂ ಹೇಳಿಲ್ಲ, ಮೀನು ಮಾರ್ಕೆಟ್ಟಿನ ಪಕ್ಕ ಹೋಗುವಾಗ ನಾನು ಮೂಗು ಮುಚ್ಚುತ್ತೇನಲ್ಲ, ನೋಡಿದವರು ಅಯ್ಯೋ ಪಾಪ ಲಿಂಗವಂತರು ಎನ್ನುತ್ತಾರೆ, ಅಸಹ್ಯಕ್ಕಲ್ಲ ಅದು, ಬಾಯಲ್ಲಿ ನೀರೂರುತ್ತದೆ. ಒಣಮೀನು ಹುರಿಯುವ ವಾಸನೆ ಬಂದರಂತೂ ಎದೆಯಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ. ಸುನಾಮಿ ಬಂದಾಗ ಟೀವಿ ಮುಂದೆ ಮನೆಯವರೆಲ್ಲ ಕೂತಿದ್ದರು, ನಾನು ಅಡುಗೆಮನೆಯಲ್ಲಿ ಅವರೆಕಾಳು ಹಿಚುಕುತ್ತಾ ಕೂತೆ, ಹಿಚುಕಿದ್ದನ್ನೇ ಹಿಚುಕಿದೆ, ಕಾಳು ಹಿಟ್ಟಾಯಿತು. ಮೊನ್ನೆ ಸೊಸೆ ರಕ್ಷಾ ಕಣ್ಣಾಸ್ಪತ್ರೆಯಿಂದ ಡ್ಯೂಟಿ ಮುಗಿಸಿ ಬಂದವಳು ಚೀಲ ಕೂಡ ಇಳಿಸದೆ ಹೇಳಿದಳು, ಅತ್ತೆ, ಇವತ್ತೊಬ್ರು ಅಜ್ಜಿ ಬಂದಿದ್ರು, ಭದ್ರಾವತಿಯೋರು, ಊರು ಯಾವ್ದು ಅಂದ್ರೆ ಧನುಷ್ಕೋಡಿ ಅಂದ್ರು, ಈಗಿಲ್ಲ ಆ ಊರು, ಕಡಲು ತಿಂತು ಅಂದ್ರು. ಅವಳಿಗೆ ನನ್ನ ಕಥೆ ಗೊತ್ತು, ಮನೆಯಲ್ಲಿ ಎಲ್ಲರಿಗೂ ಗೊತ್ತು, ಹಳೆಯ ಪಾತ್ರೆಯ ಹಾಗೆ ಅಟ್ಟದ ಮೇಲಿದೆ. ನಾನೂ ಬರ್ಲಾ ಅತ್ತೆ ಜೊತೆಗೆ. ಬೇಡ ಎಂದೆ. ನನಗೆ ಕೇಳಬೇಕಾದದ್ದು ಒಂದೇ, ಆ ಊರಿನ ಹೆಂಗಸರು ಕೈಗೆ ಹಚ್ಚೆ ಹಾಕಿಸುತ್ತಿದ್ದರೇ, ಚೇಳೇ ಮೀನೇ.

ಭದ್ರಾವತಿಯ ಚಿಮಣಿ ಕಂಡಿತು, ಹೊಗೆಯಿಲ್ಲ, ಮದುವೆಯಾದ ಹೊಸದರಲ್ಲಿ ಇಲ್ಲಿ ನಾದಿನಿಯ ಮನೆಗೆ ಬಂದರೆ ಒಣಹಾಕಿದ ಸೀರೆಗೆಲ್ಲ ಮಸಿ, ಸೈರನ್ ಕೂಗಿದರೆ ಬೀದಿ ತುಂಬ ಸೈಕಲ್ಲು, ತಮಿಳು ತೆಲುಗು ಕನ್ನಡ ಎಲ್ಲ ಒಂದೇ ಗಂಟಲಿನಿಂದ, ಈಗ ಗೂಡಂಗಡಿಯವನು ಮಧ್ಯಾಹ್ನಕ್ಕೆ ಮುಂಚೆಯೇ ಆಕಳಿಸುತ್ತಾನೆ. ಜಿಂಕ್‌ಲೈನಿಗೆ ಆಟೋ ಹತ್ತಿದೆ, ಸಾಲು ಸಾಲು ಮನೆ, ಅರ್ಧಕ್ಕೆ ಬೀಗ, ಶಿಲುಬೆ ಬರೆದ ಬಾಗಿಲು, ಬಾಗಿಲ ಮುಂದೆ ತುಳಸಿಯ ಹಾಗೇ ಒಂದು ದಾಸವಾಳ. ಬನ್ನಿ ಮೇಡಂ, ಎಂದ ಆಂತೋಣಿ, ಅಜ್ಜಿಯ ಮಗ, ಅವನಿಗೂ ತಲೆ ನರೆತಿದೆ, ಕಾರ್ಖಾನೆಯಲ್ಲಿ ಅಚ್ಚು ಹಾಕುವ ಕೆಲಸ ಮಾಡಿ ರಿಟೈರ್ ಆದವನು, ಅಜ್ಜಿ ಇಲ್ಲಿಗೆ ಬಂದು ಮತ್ತೆ ಮದುವೆಯಾದ ಮೇಲೆ ಹುಟ್ಟಿದವನು, ಆ ಊರು ಅವನು ಕಂಡಿಲ್ಲ. ಆಸ್ಪತ್ರೆ ಮೇಡಂ ಫೋನ್ ಮಾಡಿದ್ರು, ಅಮ್ಮಂಗೆ ಕಣ್ ಪೂರಾ ಹೋಗೈತೆ, ಆಪರೇಷನ್ ಆಗಲ್ಲ ಅಂದವ್ರೆ, ಏನಾದ್ರೂ ಅಂದ್ರೆ ಬೇಜಾರ್ ಮಾಡ್ಕೋಬೇಡಿ. ಒಳಗೆ ಮಂಚದ ಮೇಲೆ ಅವಳು, ಸೂಸೈಯಮ್ಮ, ಬಿಳಿ ಸೀರೆ, ಹಕ್ಕಿಯಷ್ಟೇ ಮೈ, ತಲೆ ಮಾತ್ರ ಬಾಗಿಲ ಕಡೆ ತಿರುಗಿದೆ, ಚಪ್ಪಲಿಯ ಸದ್ದಿಗೆ. ನಾನು ಮೊದಲು ನೋಡಿದ್ದು ಕೈ. ಎರಡೂ ಕೈ. ಚರ್ಮ ಒಣಗಿದ ಬಾಳೆಪಟ್ಟೆಯ ಹಾಗೆ ಮಡಿಕೆ ಮಡಿಕೆ, ಮಡಿಕೆಯ ಒಳಗೂ ನೋಡಿದೆ, ನಾಚಿಕೆಯಿಲ್ಲದೆ ನೋಡಿದೆ, ಕುರುಡಿ ತಾನೆ ಎಂದು ಬಗ್ಗಿ ನೋಡಿದೆ. ಹಚ್ಚೆಯಿಲ್ಲ. ಎಷ್ಟು ಹಗುರಾಯಿತು, ಮತ್ತೆ ಎಷ್ಟು ಭಾರವಾಯಿತು, ಹುಚ್ಚಿ, ಏನೆಂದುಕೊಂಡು ಬಂದಿದ್ದೆ ಹಾಗಾದರೆ, ಬಸ್ಸು ಹತ್ತಿ ಬಂದರೆ ಅಮ್ಮ ಸಿಕ್ಕಿಬಿಡುತ್ತಾಳೆಯೇ. ಹಚ್ಚೆಯಾ, ಎಂದಳು ನಾನೂ ಆ ಊರಿನವಳೇ ಎಂದು ಹೇಳಿ ಕೇಳಿದ್ದಕ್ಕೆ, ಹಾಕ್ತಿದ್ರು, ಎಲ್ಲಾರೂ ಹಾಕ್ತಿದ್ರು, ಚೇಳು, ಮೀನು, ಕೋಲಂ ಅಂದ್ರೆ ರಂಗೋಲಿ, ಯಾವ್ದು ಬೇಕೋ ಅದು, ನಮ್ಮಪ್ಪ ನನಗೆ ಹಾಕ್ಸಲಿಲ್ಲ, ಸೂಜಿ ಅಂದ್ರೆ ನಾನ್ ಅಳ್ತಿದ್ದೆ. ಎಲ್ಲರೂ ಹಾಕುತ್ತಿದ್ದರು. ಹಾಗಾದರೆ ಆ ಕೈ ಯಾರದ್ದೂ ಆಗಿರಬಹುದು, ನೆರೆಯವಳದ್ದು, ನೀರು ಮಾರುವವಳದ್ದು, ಇಡೀ ಊರಿನದ್ದು.

ಆಮೇಲೆ ಅವಳೇ ಹೇಳತೊಡಗಿದಳು, ಯಾರೂ ಕೇಳದಿದ್ದರೂ, ಕನ್ನಡಕ್ಕೆ ಅಲ್ಲಲ್ಲಿ ತಮಿಳು ತಾಗಿಸಿಕೊಂಡು — ಆ ಊರಿಗೆ ಎರಡು ಕಡಲು ಕಣಮ್ಮ, ಒಂದ್ ಕಡೆ ಆಣ್‌ಕಡಲು, ಒಂದ್ ಕಡೆ ಪೆಣ್‌ಕಡಲು, ಗಂಡು ಕಡಲು ಯಾವಾಗ್ಲೂ ಜಗಳ, ಹೆಣ್ ಕಡಲು ಸುಮ್ನೆ ಮಲಗಿರೋದು, ನಡುವೆ ಮರಳು, ಮರಳ ಮೇಲೆ ನಮ್ಮೂರು. ರೈಲು ಎಲ್ಲೀತಂಕ ಬರ್ತಿತ್ತು ಗೊತ್ತಾ, ಹಡಗಿನ ಬುಡಕ್ಕೇ, ಮದ್ರಾಸಲ್ಲಿ ಹತ್ತಿದೋರು ರೈಲು ಇಳಿದು ಹಡಗು ಹತ್ತಿ ಸಿಲೋನ್‌ಗೆ ಹೋಗೋರು, ಹಡಗು ಬಂದ ದಿನ ಪೇಟೆ ಪೂರಾ ಸಿಲೋನ್ ಸಾಬೂನಿನ ವಾಸನೆ, ಒಣಮೀನು ಮೂಟೆ ಆ ಕಡೆಗೆ, ತೇಯಿಲೆ, ಅದೇ ಟೀ ಪುಡಿ, ಈ ಕಡೆಗೆ, ಪೋಸ್ಟಾಫೀಸು ಇತ್ತು, ಇಸ್ಕೂಲ್ ಇತ್ತು, ಸಂತ ಅಂತೋಣಿಯಾರ್ ಕೋಯಿಲ್ ಇತ್ತು, ನಮ್ಮ ಚರ್ಚು, ಹವಳದ ಕಲ್ಲಲ್ಲಿ ಕಟ್ಟಿದ್ದು, ಕಸ್ಟಮ್ಸಿನವರು ಬಿಳೀ ಬಟ್ಟೆ ಹಾಕ್ಕೊಂಡು ನಮ್ಮ ಬುಟ್ಟಿಗೆಲ್ಲ ಕೈ ಹಾಕೋರು, ಕಳ್ಳರು. ನಕ್ಕಳು, ಒಂದೇ ಹಲ್ಲು. ನನ್ನ ಗಂಡ ಹಡಗಿಂದ ಮೂಟೆ ಇಳಿಸ್ತಿದ್ದ. ಹೊಸದೇನಲ್ಲ ಗಾಳಿ, ಪ್ರತಿ ವರ್ಷ ಬಂದು ಒಂದೊಂದು ಬೀದಿ ತಿಂದು ಹೋಗ್ತಿತ್ತು, ನಾವು ಗುಡಿಸಲು ಒಂಚೂರು ಹಿಂದಕ್ಕೆ ಹಾಕೋದು, ಮತ್ತೆ ಹಿಂದಕ್ಕೆ, ಕಡಲ ಜೊತೆ ಹಂಗೇ ಬಾಳೋದು. ಆ ವರ್ಷ ಎರಡು ಕಡಲೂ ಒಂದಾಯ್ತು, ಗಂಡ ಹೆಂಡ್ತಿ ಸೇರ್ಕೊಂಡ್ರು, ನಡುವೆ ಇರೋರ್ ಗತಿ ಏನು. ರೈಲೊಂದು ಜನಾನೆಲ್ಲ ತುಂಬ್ಕೊಂಡು ಊರ ಹತ್ರ ಬಂದಿತ್ತು, ಅದನ್ನೂ ತಗೊಂಡು ಹೋಯ್ತು. ನಾನು ಪಾಂಬನ್‌ನಾಗೆ ಇದ್ದೆ, ಅದೇ ದ್ವೀಪದ ಈ ತುದೀಲಿ, ಚಿಕ್ಕಮ್ಮನ ಮನೇಲಿ, ಕ್ರಿಸ್ಮಸ್ಸು ಬಂತಲ್ಲ, ಮಗೂಗೆ ಫ್ರಾಕ್ ತರಕ್ಕೆ ಹೋಗಿದ್ದೆ, ಮಗು ಅವರಪ್ಪನ ಹತ್ರ, ಗಾಳಿ ನಿಂತ ಮೇಲೆ ನಡ್ಕೊಂಡ್ ಹೋದೆ, ಕೆಂಪು ಫ್ರಾಕು ಕೈಯಾಗೆ, ನಡೀತೀನಿ ನಡೀತೀನಿ, ಊರೇ ಬರಲ್ಲ, ದಾರಿ ತಪ್ಪಿದೆ ಅಂದ್ಕೊಂಡೆ, ತಪ್ಪಿರಲಿಲ್ಲ, ಊರೇ ಇರಲಿಲ್ಲ. ಆಂತೋಣಿ ಬಾಗಿಲ ಹತ್ತಿರ ನಿಂತು ಗೋಡೆಯ ಸುಣ್ಣ ಕೆರೆಯುತ್ತಿದ್ದ, ಇದನ್ನು ಕೇಳಿ ಕೇಳಿ ಅವನಿಗೆ ಹಳತಾಗಿದೆ. ಆ ಪೇಟೆಯ ಮರಳಿನಲ್ಲಿ ನಾನೂ ಓಡಿರಬೇಕು, ಕಸ್ಟಮ್ಸಿನವನ ಬಿಳಿ ಪ್ಯಾಂಟು ಹಿಡಿದಿರಬೇಕು, ಈ ಅಜ್ಜಿಯ ಬುಟ್ಟಿಗೂ ಕೈ ಹಾಕಿರಬೇಕು, ಒಂದೂ ನೆನಪಾಗುವುದಿಲ್ಲ, ಅವಳ ಬಾಯಿಂದ ಒಂದು ಊರು ಎದ್ದು ನಿಲ್ಲುತ್ತಿದೆ, ಅದರಲ್ಲಿ ನಾನು ಎಲ್ಲೂ ಇಲ್ಲ. ಆವಾಗ ನಿಂಗೆ ಎಷ್ಟು ವಯಸ್ಸು, ಎಂದಳು ಇದ್ದಕ್ಕಿದ್ದಂತೆ. ಮೂರೋ ನಾಲ್ಕೋ ಇರಬೇಕು ಎಂದೆ. ಹೊರಗೆ ಯಾರೋ ಕೊಡಪಾನ ಇಟ್ಟ ಸದ್ದು. ಕಾಲು ಕೊಡು, ಎಂದಳು.

ಅಮ್ಮಾ, ವೇಂಡಾಂ, ಆಂತೋಣಿ ಓಡಿ ಬಂದ, ಬೇಡಮ್ಮ, ದೊಡ್ಡೋರ ಮನೆಯವ್ರು ಅವ್ರು. ನೀ ಸುಮ್ನಿರು. ಎಡಗಾಲು ಕೊಡು. ಕೊಟ್ಟೆ. ಯಾಕೆ ಕೊಟ್ಟೆ, ಹಿರಿಯಳ ಕೈಗೆ ಕಾಲು ಕೊಡುವುದೇ, ಅವ್ವ ನೋಡಿದ್ದರೆ ಬೈಯುತ್ತಿದ್ದಳು, ಕೊಟ್ಟೆ, ಮಂಚದ ಅಂಚಿಗೆ ಕೂತು ಸೀರೆ ಒತ್ತಿ ಹಿಡಿದು ಕೊಟ್ಟೆ, ಅವಳು ಅದನ್ನು ಮಡಿಲಲ್ಲಿಟ್ಟುಕೊಂಡಳು, ಹಿಮ್ಮಡಿ ಮುಟ್ಟಿದಳು, ಒಡಕು ಮುಟ್ಟಿದಳು, ಅಂಗಾಲು ಒರೆಸಿದಳು, ಆಮೇಲೆ ಬೆರಳು, ದೊಡ್ಡದರಿಂದ ಒಂದೊಂದೇ, ಕಾಲುಂಗುರದ ಹತ್ತಿರ ತಡೆದಳು, ಮುಂದೆ ಹೋದಳು, ಕಿರುಬೆರಳಿಗೆ ಬಂದಳು, ಅದನ್ನು ದಾಟಿ ಅಂಚಿಗೆ ಹೋದಳು, ಅಂಚಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ನಿಂತಳು. ಅಲ್ಲಿ ಏನೂ ಇಲ್ಲ. ನನ್ನ ಕಾಲು, ನನಗೆ ಗೊತ್ತಿಲ್ಲವೇ, ಅಲ್ಲಿ ಯಾವತ್ತೂ ಏನೂ ಇರಲಿಲ್ಲ. ನನ್ನ ಮಗು ಫಿಲೋಗೆ ಇಲ್ಲೊಂದು ಬೆರಳಿತ್ತು, ಎಂದಳು, ಆರನೇದು, ಅವರೆಕಾಳಷ್ಟು, ಉಗುರೂ ಇತ್ತು. ಮತ್ತೆ ಒತ್ತಿದಳು. ಈಗ ಇಲ್ಲ ಎನ್ನುತ್ತಾಳೆ, ಕಾಲು ಬಿಡುತ್ತಾಳೆ, ಎದ್ದು ಹೋಗುತ್ತೇನೆ, ಸಾಯಂಕಾಲದ ಅಡುಗೆಗೆ ಸೊಪ್ಪು ತೆಗೆದುಕೊಳ್ಳಬೇಕು ಎಂದುಕೊಳ್ಳುತ್ತಿದ್ದೆ. ಉಪ್ಪುನೀರು ತಿಂದಿದೆ, ಎಂದಳು. ರೈಲು ತಿಂತು, ಕೋಯಿಲ್ ತಿಂತು, ಒಂದ್ ಬೆರಳು ಬಿಡುತ್ತಾ. ಅಷ್ಟು ಸಮಾಧಾನದಿಂದ ಹೇಳಿದಳು, ಸಾರಿಗೆ ಉಪ್ಪು ಸರಿಯಿದೆ ಎನ್ನುವ ಹಾಗೆ. ಕುರುಡುಗಣ್ಣು ನನ್ನ ಮುಖಕ್ಕಿಂತ ಒಂದಿಷ್ಟು ಪಕ್ಕಕ್ಕೆ ನೋಡುತ್ತಿದೆ, ಅಲ್ಲಿ ಯಾರು ನಿಂತಿದ್ದರೋ. ಇಷ್ಟು ದಿನ ಎಲ್ಲಿದ್ದೆ, ಕಣ್ಣು, ನನ್ನ ಬಂಗಾರ, ಎಂದಳು. ಹೇಳಬೇಕಿತ್ತು, ನಾನಲ್ಲ ಅಮ್ಮ, ನನ್ನ ಹೆಸರು ಜಗದಾಂಬಾ, ನನಗೆ ಹಚ್ಚೆಯ ಕೈಯವಳೊಬ್ಬಳಿದ್ದಳು. ಬಾಯಿಗೆ ಬಂದದ್ದು ಬೇರೆ. ಇಲ್ಲೇ ಇದ್ದೆ ಅಮ್ಮಾ, ಶಿವಮೊಗ್ಗದಲ್ಲೇ. ಸುಳ್ಳಲ್ಲವಲ್ಲ ಅದು. ಅಯ್ಯೋ ಇಷ್ಟು ಹತ್ರಾನಾ, ಎಂದು ಅವಳು ನನ್ನ ಮೊಣಕಾಲಿಗೆ ಹೊಡೆದಳು, ಜೋರಾಗಿಯೇ, ಬಸ್ ಬರ್ತವಲ್ಲೇ, ಗಳಿಗೆಗೊಂದು ಬಸ್ಸು.

ಊಟ ಮಾಡದೆ ಕಳಿಸಲಿಲ್ಲ. ಅನ್ನದ ತಟ್ಟೆ ಅವಳ ಮಡಿಲಲ್ಲಿ, ಒಣಮೀನಿನ ಸಾರು, ಆಂತೋಣಿ ಅಡುಗೆಮನೆಯಿಂದಲೇ ಕೈ ಮುಗಿದ, ಮೇಡಂ, ಮೊಸರು ತರ್ಲಾ, ನೀವು ತಿನ್ನಲ್ಲ ಅಲ್ವಾ, ನಾನು ಬೇಡ ಎಂದೆನೋ ಬೇಕು ಎಂದೆನೋ, ಕೈ ಅಷ್ಟರಲ್ಲಿ ಬಂದಿತ್ತು, ಕುರುಡು ಕೈ, ಮೊದಲು ಗದ್ದಕ್ಕೆ ತಾಗಿತು, ಆಮೇಲೆ ತುಟಿ ಹುಡುಕಿತು, ಬಾಯಿ ತೆರೆದೆ. ಕೊರಳಲ್ಲಿ ಲಿಂಗ ಇದ್ದಲ್ಲೇ ಇತ್ತು, ಒತ್ತಲಿಲ್ಲ, ಉರಿಯಲಿಲ್ಲ. ನಾಲಗೆಗೆ ಗೊತ್ತಿತ್ತು. ಅರವತ್ತು ವರ್ಷ ಎಲ್ಲಿ ಬಚ್ಚಿಟ್ಟುಕೊಂಡಿತ್ತೋ, ಹುಣಿಸೆ ಯಾವುದು ಉಪ್ಪು ಯಾವುದು ಮುಳ್ಳು ಎಲ್ಲಿ ಸಿಗುತ್ತದೆ ಎಲ್ಲ ಗೊತ್ತಿತ್ತು, ಮುಳ್ಳನ್ನು ನಾಲಗೆ ತಾನೇ ಪಕ್ಕಕ್ಕೆ ಸರಿಸಿತು, ಯಾರು ಕಲಿಸಿದರು ಇದನ್ನು, ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಎಂದೆ, ಅವಳಿಗೆ ಕಾಣಲಿಲ್ಲ, ಹಾಗಿದ್ದರೂ ಎಂದೆ. ಹೊರಡುವಾಗ ಆಂತೋಣಿ ಆಟೋದವರೆಗೂ ಬಂದ. ಬೇಜಾರಾಯ್ತಾ ಮೇಡಂ. ಇಲ್ಲಪ್ಪ, ಎಲ್ಲರಿಗೂ ಹೀಗೇ ಮಾಡ್ತಾರಾ. ಕಾಲು ನೋಡ್ತಾಳೆ ಮೇಡಂ, ಆ ವಯಸ್ಸಿನ ಹೆಂಗಸ್ರು ಯಾರ್ ಬಂದ್ರೂ ನೋಡ್ತಾಳೆ, ಪಾಂಬನ್ ಕಡೆಯಿಂದ ಒಬ್ರು ಸಿಸ್ಟರ್ ಬಂದಿದ್ರು, ಕಾರ್ಖಾನೆ ಆಸ್ಪತ್ರೆಯ ಆಯಾ ಒಬ್ರು, ನೋಡಿ ಇಲ್ಲ ಅಂತ ಕಳಿಸಿಬಿಡ್ತಾಳೆ, ಪಟ್ ಅಂತ, ಒಂದ್ ಸೆಕೆಂಡು. ಆಟೋದವನು ಹಾರನ್ ಮಾಡಿದ. ನಿಮಗೆ ಮಾತ್ರ ಉಪ್ಪುನೀರು ಅಂದ್ಲು, ಆ ಮಾತು ನಾನು ಇದೇ ಮೊದಲು ಕೇಳಿದ್ದು. ಯಾಕೆ ಹಂಗಂದ್ಲೋ. ಸಾಕಾಯ್ತೇನೋ ಹುಡುಕಿ. ಬರ್ತೀರಾ ಮೇಡಂ ಇನ್ನೊಂದ್ಸಲ, ಕೇಳ್ತಾಳೆ ನನ್ನ. ಬರ್ತೀನಿ ಎಂದೆ, ಬರುತ್ತೇನೆಯೇ.

ಅವಳಿಗೆ ಗೊತ್ತಿತ್ತು, ಹಾಗಾದರೆ ಗೊತ್ತಿತ್ತು, ನನಗೂ ಗೊತ್ತಿತ್ತು, ಇಬ್ಬರೂ ಎದುರೆದುರು ಕೂತು — ಬಸ್ಸು ತುಂಬಿದೆ, ಕಿಟಕಿಯ ಪಕ್ಕವೇ ಸಿಕ್ಕಿದೆ, ಮಾಚೇನಹಳ್ಳಿಯಲ್ಲಿ ಹಾಲಿನ ಲಾರಿಗಳು, ಬಾಯಲ್ಲಿ ಇನ್ನೂ ಹುಣಿಸೆಯ ಹುಳಿ, ಮನೆಗೆ ಹೋಗಿ ಏನು ಹೇಳಲಿ, ರಕ್ಷಾ ಬಾಗಿಲಲ್ಲೇ ಕಾಯುತ್ತಿರುತ್ತಾಳೆ, ಏನಾಯ್ತು ಅತ್ತೆ, ಸಿಕ್ರಾ, ಏನಾದ್ರೂ ಗೊತ್ತಾಯ್ತಾ. ಒಬ್ಬಳಿಗೆ ಅಮ್ಮಾ ಎಂದೆ. ಅವ್ವನಿಗೆ ಅವ್ವ ಎಂದಿದ್ದೆ, ಅಮ್ಮ ಎನ್ನುವುದನ್ನು ಯಾರಿಗೂ ಹೇಳದೆ ಇಟ್ಟಿದ್ದೆ, ಇಟ್ಟಿದ್ದೇನೆಂದು ನನಗೇ ಗೊತ್ತಿರಲಿಲ್ಲ, ಇವತ್ತು ಖರ್ಚಾಯಿತು. ಇನ್ನು ಆ ಹಸಿರು ಹಚ್ಚೆಯವಳನ್ನು ಏನೆಂದು ಕರೆಯಲಿ. ಕಣ್ಣು ಮುಚ್ಚಿದೆ, ನೀರು ಹೊಯ್ಯುತ್ತದಲ್ಲ ಕೈ, ಬಾ ಎಂದೆ, ಯಾವಾಗಲೂ ಬರುತ್ತದೆ, ಮೊದಲು ಹಚ್ಚೆ ಆಮೇಲೆ ನೀರು, ಬರಲಿಲ್ಲ, ಮತ್ತೆ ನೆನೆದೆ, ಕೈ ಬಂತು, ಅದರ ಮೇಲೆ ಮಡಿಕೆ ಮಡಿಕೆ ಚರ್ಮ, ಹಚ್ಚೆಯಿಲ್ಲ, ಅದು ತಲೆಗೆ ಬರಲಿಲ್ಲ, ಕೆಳಗೆ ಬಂತು, ಕಾಲಿಗೆ ಬಂತು. ಟೈರಿನ ಸದ್ದು ಬದಲಾಯಿತು, ಸೇತುವೆ, ಕಣ್ಣು ತೆರೆದೇ ಇದ್ದೇನೆ, ಕೆಳಗೆ ನೀರು, ಇಷ್ಟಗಲ ನೀರು, ನೋಡುತ್ತಲೇ ಇದ್ದೇನೆ, ಹೆದರಿಕೆ ಬರಲಿ ಎಂದು ಕಾಯುತ್ತಿದ್ದೇನೆ, ಬರುತ್ತಿಲ್ಲ, ಚಪ್ಪಲಿಯೊಳಗೆ ಎಡಗಾಲಿನ ಅಂಚು, ಕಿರುಬೆರಳು ದಾಟಿದ ಮೇಲೆ, ಏನೂ ಇಲ್ಲದ ಜಾಗ, ಅಲ್ಲಿ ನೋಯುತ್ತಿದೆ, ಅಲ್ಲೇ, ಅವರೆಕಾಳಷ್ಟು ಜಾಗ, ಒಂದು ಹೆಬ್ಬೆರಳು ಅಲ್ಲಿಗೆ ಬಂದು ನಿಂತಿದೆ, ಒತ್ತುತ್ತಿದೆ, ಇಲ್ಲ ಎನ್ನುವುದಿಲ್ಲ, ತೆಗೆಯುವುದೂ ಇಲ್ಲ, ಒತ್ತುತ್ತಿದೆ